ಬಂಗು, ಬ್ಯಾರನ್ ಮತ್ತು ಮೆಡಿಕಲ್ ಸ್ಟೋರಿನ ಟ್ಯೂಬು

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡಿಗೆ ಬೆಂಗಳೂರಲ್ಲಿ ಕೋಡ್ ಬರೀತೀನಿ. ಆದ್ರೂ ಇವತ್ತು ಚರ್ಮದ ವಿಷಯಕ್ಕೆ ಕೈ ಹಾಕ್ತಿದ್ದೀನಿ, ಸ್ವಲ್ಪ ಸಹಿಸ್ಕೊಳ್ಳಿ :)

ನಮ್ಮ ಕಡೆ ಅಂದ್ರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ, ಕೆ.ಆರ್.ನಗರ. ಮೊದಲ ಮೂರು ಹೊಗೆಸೊಪ್ಪಿನ ಸೀಮೆ, ಕೆ.ಆರ್.ನಗರದಲ್ಲಿ ಭತ್ತ ಜಾಸ್ತಿ. ಬೆಳೆ ಯಾವುದಾದ್ರೂ ಬಿಸಿಲು ಒಂದೇ. ಈ ಊರುಗಳಲ್ಲಿ ಮೂವತ್ತು ದಾಟಿದ ಹೆಂಗಸರ ಮುಖ ಗಮನಿಸಿ ನೋಡಿ. ಎರಡು ಕೆನ್ನೆ, ಮೂಗಿನ ದಂಡೆ, ಹಣೆ, ಮೇಲ್ದುಟಿಯ ಮೇಲೆ ಕಂದು ಬಣ್ಣದ ಕಲೆ, ಯಾರೋ ನಕ್ಷೆ ಬಿಡಿಸಿದ ಹಾಗೆ. ನಾವು ಬಂಗು ಅಂತೀವಿ, ಡಾಕ್ಟರು ಮೆಲಾಸ್ಮ ಅಂತಾರೆ.

ಇದು ಕೊಳೆ ಅಲ್ಲ, ಅಂಟುರೋಗ ಅಲ್ಲ, ಯಾರ ಪಾಪದ ಫಲವೂ ಅಲ್ಲ. ಚರ್ಮದಲ್ಲಿ ಮೆಲನೊಸೈಟ್ ಅನ್ನೋ ಜೀವಕೋಶಗಳಿವೆ. ಬಿಸಿಲು ಬಿದ್ದಾಗ ಅವು ಮೆಲನಿನ್ ಅನ್ನೋ ಬಣ್ಣ ತಯಾರಿಸಿ ಅಕ್ಕಪಕ್ಕದ ಕೋಶಗಳಿಗೆ ಹಂಚುತ್ತವೆ. ಒಳಗಿರೋ ಡಿಎನ್‌ಎಗೆ ಅದೇ ಕೊಡೆ. ಬಂಗಿನಲ್ಲಿ ಆ ಕೋಶಗಳು ಸಣ್ಣ ನೆಪ ಸಿಕ್ಕಿದ್ರೂ ಕೆಲಸ ಶುರು ಹಚ್ಕೊಂಡು ಬಿಡ್ತವೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಸೊಳ್ಳೆ ಹಾರಿದ್ರೂ ಕೂಗಿಕೊಳ್ಳೋ ಅಲಾರ್ಮು. ಬಸುರು, ಗರ್ಭನಿರೋಧಕ ಗುಳಿಗೆ, ವಂಶವಾಹಿ ಇವೆಲ್ಲ ಕಾರಣಗಳೇ. ಆದರೆ ಬೆಂಕಿಗೆ ತುಪ್ಪ ಹಾಕೋದು ಬಿಸಿಲು. ಅದರಲ್ಲೂ ನಮ್ಮಂಥ ಕಂದು ಮೈಬಣ್ಣದವರಿಗೆ ಅತಿನೇರಳೆ ಕಿರಣ ಮಾತ್ರ ಅಲ್ಲ, ಕಣ್ಣಿಗೆ ಕಾಣೋ ಬೆಳಕೂ ಕಲೆಯನ್ನ ಕಪ್ಪು ಮಾಡುತ್ತೆ. ಬಿಸಿಯೂ ಅಷ್ಟೇ ಅಂತಾರೆ ಚರ್ಮದ ವೈದ್ಯರು. ಬ್ಯಾರನ್ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಸೊಪ್ಪು ಹದ ಆಗೋವರೆಗೂ ಹಗಲು ರಾತ್ರಿ ಒಲೆ ಉರೀಬೇಕು, ಕೊನೆಗೆ ಒಳಗಿನ ಬಿಸಿ 70 ಡಿಗ್ರಿ ಮುಟ್ಟುತ್ತೆ. ಹಗಲೆಲ್ಲ ಹೊಲದಲ್ಲಿ ಸೊಪ್ಪು ಮುರಿಯೋದು, ಆಮೇಲೆ ಕಡ್ಡಿಗೆ ಪೋಣಿಸೋದು, ರಾತ್ರಿ ಒಲೆಗೆ ಸೌದೆ. ನಮ್ಮ ಮನೇಲಂತೂ ಆ ಸರದಿ ಯಾರಿಗೂ ತಪ್ಪಿದ್ದಲ್ಲ.

ಈಗ ಅಸಲು ವಿಷಯ. ನಮ್ಮ ಚಿಕ್ಕಮ್ಮ ಮೂರು ವರ್ಷದಿಂದ ಒಂದು ಟ್ಯೂಬು ಹಚ್ಚುತ್ತಿದ್ದಾರೆ. ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ. ಮೆಡಿಕಲ್ ಸ್ಟೋರಿಗೆ ಹೋಗಿ "ಬಂಗಿಗೆ ಏನಾದ್ರೂ ಕೊಡಪ್ಪ" ಅಂದಿದ್ದಾರೆ, ಅವನು ಕೊಟ್ಟಿದ್ದಾನೆ. ಮೊದಲ ತಿಂಗಳು ಮುಖ ಫಳಫಳ. ಈಗ ಕೆನ್ನೆ ಕೆಂಪು, ಚರ್ಮ ತೆಳ್ಳಗಾಗಿ ಸಣ್ಣ ರಕ್ತನಾಳಗಳು ಕಾಣ್ತವೆ, ಗದ್ದದ ಮೇಲೆ ಕೂದಲು, ಒಲೆ ಮುಂದೆ ಕೂತರೆ ಉರಿ. ಬಿಟ್ಟುಬಿಡಿ ಚಿಕ್ಕಮ್ಮ ಅಂದ್ರೆ, "ಹಚ್ಕೊಂಡ್ರೆ ತಿಳಿಯಾಯ್ತದೆ ಕಣವ್ವ, ಬುಟ್ರೆ ಮೊದ್ಲಿಗಿಂತ ಜಾಸ್ತಿ ಆಯ್ತದೆ. ಎಂಗವ್ವ ಬುಡದು?" ಅಂತಾರೆ. ಚರ್ಮದ ವೈದ್ಯರು ಎಷ್ಟೋ ವರ್ಷದಿಂದ ಎಚ್ಚರಿಸುತ್ತಿರೋದೂ ಇದನ್ನೇ. ಇದಕ್ಕೆ ಸ್ಟಿರಾಯ್ಡ್‌ನಿಂದ ಹಾಳಾದ ಮುಖ ಅಂತಲೇ ಹೆಸರಿಟ್ಟಿದ್ದಾರೆ.

ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೊದಲನೇದು ಮೆಲನಿನ್ ತಯಾರಿಕೆಗೆ ಅಡ್ಡ ಹಾಕುತ್ತೆ, ಎರಡನೇದು ಚರ್ಮದ ಮೇಲ್ಪದರ ಬೇಗ ಉದುರಿಸುತ್ತೆ, ಮೂರನೇದು ಸ್ಟಿರಾಯ್ಡು. ಇಂಥ ಮೂರರ ಮಿಶ್ರಣವನ್ನ 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಅನ್ನೋ ವೈದ್ಯರು ಪ್ರಕಟಿಸಿದರು. ಕೆಟ್ಟ ಔಷಧಿ ಅಲ್ಲ ಇದು. ವೈದ್ಯರು ಕೆಲವು ವಾರಕ್ಕೆ, ರಾತ್ರಿ ಹೊತ್ತು, ಕಲೆ ಇರೋ ಜಾಗಕ್ಕೆ ಮಾತ್ರ ಅಂತ ಕೊಟ್ಟು ಆಮೇಲೆ ನಿಲ್ಲಿಸ್ತಾರೆ. ನಮ್ಮವರು ಹಗಲೂ ಹಚ್ಚಿಕೊಂಡು ಹೊಲಕ್ಕೆ ಹೋಗ್ತಾರೆ, ವರ್ಷಗಟ್ಟಲೆ. ಹೈಡ್ರೋಕ್ವಿನೋನನ್ನ ಹಾಗೆ ಬಳಸಿದ್ರೆ ಕೆಲವರಿಗೆ ನೀಲಿಗಪ್ಪು ಕಲೆ ಚರ್ಮದಾಳಕ್ಕೆ ಇಳಿದು ಕೂರುತ್ತೆ. ಅದನ್ನ ತೆಗೆಯೋದು ಬಂಗಿಗಿಂತ ಕಷ್ಟ.

ಕಾನೂನು ಇಲ್ವಾ ಅಂದ್ರೆ, ಇದೆ. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಕ್ರೀಮುಗಳನ್ನ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು, ಅಂದ್ರೆ ವೈದ್ಯರ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಟ್ಯೂಬಿನ ಮೇಲೂ ಹಾಗಂತ ಮುದ್ರಿಸಿರ್ತಾರೆ, ಇಂಗ್ಲಿಷಿನಲ್ಲಿ! ಚಿಕ್ಕಮ್ಮ ಓದಿರೋದು ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು.

ಹಾಗಂತ ಎಲ್ಲಾ ತಪ್ಪನ್ನ ಅಂಗಡಿಯವನ ತಲೆಗೆ ಕಟ್ಟೋದಕ್ಕೂ ನಂಗೆ ಮನಸ್ಸಿಲ್ಲ. ಚರ್ಮದ ಡಾಕ್ಟರನ್ನ ನೋಡಬೇಕು ಅಂದ್ರೆ ನಮ್ಮವರು ಸಾಮಾನ್ಯವಾಗಿ ಮೈಸೂರಿನ ಬಸ್ ಹತ್ತಬೇಕು. ಕೆ.ಆರ್. ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ ನಿಜ, ಆದ್ರೆ ಪಿರಿಯಾಪಟ್ಟಣದ ಆಚೆ ಹಳ್ಳಿಯಿಂದ ಹೋಗಿ ಬರೋಕೆ ಒಂದು ದಿನ ಪೂರ್ತಿ, ಕೂಲಿ ಹೋಯ್ತು, ಬ್ಯಾರನ್ ನೋಡೋರಿಲ್ಲ. ಅದೂ "ಮುಖದ ಬಣ್ಣಕ್ಕೆ" ಅಂದ್ರೆ ಮನೆಯವರು ನಗ್ತಾರೆ. ಟ್ಯೂಬಾದ್ರೆ ಸಂತೆಗೆ ಹೋದಾಗಲೇ ಸಿಗುತ್ತೆ. ಇನ್ನು ಆ ಬಿಳಿ ಬಣ್ಣದ ಹುಚ್ಚು! 1975ರಲ್ಲಿ ಶುರುವಾದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯ್ತು. ಹೆಣ್ಣು ನೋಡೋಕೆ ಬರೋರ ಕಣ್ಣು ಮಾತ್ರ ಹೆಸರು ಬದಲಾಯಿಸಿಲ್ಲ ನೋಡಿ.

ಹೆಸರೇ ಇಲ್ಲದ ಡಬ್ಬಿಗಳ ಕಥೆ ಇನ್ನೂ ಭಯಂಕರ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ತೊಂದರೆಯಿಂದ ಆಸ್ಪತ್ರೆ ಸೇರಿದ ಕೆಲವರು ಬಿಳುಪಿನ ಕ್ರೀಮು ಹಚ್ಚುತ್ತಿದ್ದದ್ದು ಗೊತ್ತಾಯ್ತು, ಕಾರಣ ಅದರೊಳಗಿನ ಪಾದರಸ. ಕೋಟೆ ದಾಟಿದ್ರೆ ವಯನಾಡು, ಅದನ್ನ ದಾಟಿದ್ರೆ ಮಲಪ್ಪುರಂ. ದೂರದ ದೇಶದ ಸುದ್ದಿಯೇನಲ್ಲ.

ಹಾಗಾದ್ರೆ ಮಾಡೋದೇನು? ನನ್ನ ಅಭಿಪ್ರಾಯ ಇಷ್ಟು: ನಮ್ಮ ಹೆಂಗಸರ ಬಂಗಿಗೆ ಮೊದಲ ಔಷಧಿ ನೆರಳು. ಮಾಮೂಲಿ ಸನ್‌ಸ್ಕ್ರೀನ್ ಕಾಣೋ ಬೆಳಕನ್ನ ಅಷ್ಟಾಗಿ ತಡೆಯಲ್ಲ, ಐರನ್ ಆಕ್ಸೈಡ್ ಇರೋ ಬಣ್ಣದ ಸನ್‌ಸ್ಕ್ರೀನ್ ತಡೆಯುತ್ತೆ. ಆದರೆ ಅದು ದುಬಾರಿ, ಮೇಲಾಗಿ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆವರು ಸುರಿಸಿಕೊಂಡು ಸೊಪ್ಪು ಮುರಿಯೋರಿಗೆ ಇದನ್ನ ಹೇಳೋದು ತಮಾಷೆ. ಅಗಲ ಅಂಚಿನ ಟೋಪಿ, ಮುಖಕ್ಕೆ ನೆರಳು ಬೀಳೋ ಹಾಗೆ ಹೊದ್ದ ಹತ್ತಿ ಬಟ್ಟೆ, ಒಲೆಯಿಂದ ಒಂದು ಮಾರು ದೂರ... ಇವು ಆಗೋ ಕೆಲಸ. ಗಂಡಸರು ಒಲೆ ಸರದಿ ಪೂರ್ತಿ ವಹಿಸಿಕೊಂಡ್ರೆ ಇನ್ನೂ ಒಳ್ಳೇದು, ಏನಂತೀರಿ? ಜಾಯಿಕಾಯಿ ತೇಯ್ದು ಹಚ್ಚೋರಿದ್ದಾರೆ, ಚರ್ಮ ಉರಿಯದೇ ಇದ್ರೆ ನನ್ನ ತಕರಾರಿಲ್ಲ. ನಿಂಬೆರಸ ಮಾತ್ರ ಬೇಡವೇ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟು ಇನ್ನಷ್ಟು ಕಪ್ಪಾಗುತ್ತೆ.

ಸರ್ಕಾರ ಮಾಡಬಹುದಾದ್ದೂ ಒಂದಿದೆ. ಚರ್ಮದ ಕಾಯಿಲೆಯನ್ನ ಫೋಟೋದಲ್ಲೇ ಬಹುಪಾಲು ಗುರುತಿಸಬಹುದು. ಇ-ಸಂಜೀವಿನಿ ಅನ್ನೋ ಉಚಿತ ದೂರವೈದ್ಯ ವ್ಯವಸ್ಥೆ ಈಗಾಗಲೇ ಇದೆ. ವಾರಕ್ಕೊಂದು ದಿನ ಈ ನಾಲ್ಕು ತಾಲ್ಲೂಕು ಆಸ್ಪತ್ರೆಗಳನ್ನ ಮೈಸೂರಿನ ಚರ್ಮತಜ್ಞರ ಜೊತೆ ಅದರಲ್ಲಿ ಕೂರಿಸಿದ್ರೆ ಎಷ್ಟು ಟ್ಯೂಬು ಉಳಿದೀತು! ವರ್ಷಗಟ್ಟಲೆ ಹಚ್ಚಿದ ಸ್ಟಿರಾಯ್ಡ್ ಬಿಡಿಸೋಕೂ ವೈದ್ಯರು ಬೇಕು, ದಿಢೀರನೆ ಬಿಟ್ರೆ ಮುಖ ಕೆಂಪಾಗಿ ಉರಿಯುತ್ತೆ, ಹೆದರಿ ಮತ್ತೆ ಅದೇ ಟ್ಯೂಬಿಗೆ ಹೋಗ್ತಾರೆ.

ಅಂದಹಾಗೆ, ಕಪ್ಪಾಗಿದ್ದೆಲ್ಲ ಬಂಗಲ್ಲ. ಮಕ್ಕಳ ಕತ್ತಿನ ಹಿಂದೆ ಕಪ್ಪಾಗಿ ದಪ್ಪಗಾಗಿದ್ರೆ ನಮ್ಮ ಅಮ್ಮಂದಿರು ಕೊಳೆ ಅಂತ ತೆಂಗಿನ ನಾರು ಹಾಕಿ ಉಜ್ಜುತ್ತಾರೆ, ಪಾಪ ಆ ಕೂಸು ಕಿರುಚಿಕೊಳ್ಳುತ್ತೆ. ಎಷ್ಟೋ ಸಲ ಅದು ದೇಹ ಇನ್ಸುಲಿನ್ ಮಾತು ಕೇಳ್ತಿಲ್ಲ ಅನ್ನೋ ಸೂಚನೆ, ಮುಂದೆ ಸಕ್ಕರೆ ಕಾಯಿಲೆ ಬರಬಹುದು. ಉಜ್ಜಿದಷ್ಟೂ ಇನ್ನೂ ಕಪ್ಪಾಗುತ್ತೆ. ಬೆರಳ ಗೆಣ್ಣು ಕಪ್ಪಾಗಿದ್ರೆ ಬಿ12 ಕೊರತೆ ಇರಬಹುದು. ಎರಡಕ್ಕೂ ರಕ್ತ ಪರೀಕ್ಷೆ ಇದೆ, ನಾರು ಪಕ್ಕಕ್ಕಿಟ್ಟು ಮೊದಲು ಅದನ್ನ ಮಾಡಿಸಿ.