ಬೆಂಕಿಯ ತಲೆಗೆ ಕಟ್ಟಿದ ಅಪವಾದ

ಇಂಗ್ಲೆಂಡಿನ ವುಸ್ಟರ್‌ಷೈರ್‌ನ ವಿಟ್ಲಿ ಕೋರ್ಟ್ ಎಂಬ ದೊಡ್ಡಮನೆಗೆ 1937ರ ಸೆಪ್ಟೆಂಬರ್ 7ರ ರಾತ್ರಿ ಬೆಂಕಿ ಬಿತ್ತು. ಇವತ್ತು ಅಲ್ಲಿ ಸೂರಿಲ್ಲ, ಜಂತಿ ಎಣಿಸುತ್ತ ಕೂರೋಣವೆಂದರೆ ಜಂತಿಯೂ ಇಲ್ಲ. ವಾಸ್ತುಶಿಲ್ಪಿ ಜಾನ್ ನ್ಯಾಶ್ ನಿಲ್ಲಿಸಿದ ಭಾರಿ ಕಂಬಸಾಲು ಮಾತ್ರ ಆಕಾಶಕ್ಕೆ ಮುಖಮಾಡಿ ನಿಂತಿದೆ. ನೋಡಿದವರೆಲ್ಲ ಬೆಂಕಿಯನ್ನು ಶಪಿಸುತ್ತಾರೆ. ಆದರೆ ಅಂದು ಸುಟ್ಟಿದ್ದು ಮನೆಯ ಒಂದು ಪಾಲು ಮಾತ್ರ. ಉಳಿದದ್ದನ್ನು ತಿಂದದ್ದು ಲೆಕ್ಕದ ಪುಸ್ತಕ.

ಕಟ್ಟಿದ್ದೂ ಅದೇ ಪುಸ್ತಕ ಅನ್ನಿ. ಈ ಎಸ್ಟೇಟನ್ನು 1655ರಲ್ಲಿ ಕೊಂಡ ಥಾಮಸ್ ಫೋಲಿ ಕಬ್ಬಿಣದ ವ್ಯಾಪಾರಿ. ಮೊಳೆಯಿಂದ ಬಂದ ದುಡ್ಡು ಅವನ ಮೊಮ್ಮಗನ ಹೊತ್ತಿಗೆ ಲಾರ್ಡ್ ಪದವಿಯನ್ನೂ ತಂದಿತು. ಮುಂದಿನ ಫೋಲಿಗಳು ಸಾಲದಲ್ಲಿ ಮುಳುಗಿ 1837ರಲ್ಲಿ ಎಸ್ಟೇಟನ್ನು ಮಾರಿದರು. ಕೊಂಡ ವಾರ್ಡ್ ಮನೆತನಕ್ಕೆ ಬ್ಲ್ಯಾಕ್ ಕಂಟ್ರಿ ಎಂಬ ಸೀಮೆಯಲ್ಲಿ ಕಲ್ಲಿದ್ದಲು ಗಣಿಗಳಿದ್ದವು. ಮುಂದೆ ಡಡ್ಲಿಯ ಅರ್ಲ್ ಆದ ವಿಲಿಯಂ ವಾರ್ಡ್ 1850ರ ದಶಕದಲ್ಲಿ ಇಟ್ಟಿಗೆಯ ಹಳೇ ಮನೆಗೆ ಬಾತ್ ಕಲ್ಲಿನ ಹೊದಿಕೆ ಹೊದಿಸಿ ಅದನ್ನು ಇಟಲಿಯ ಅರಮನೆಯಂತೆ ಮಾಡಿಸಿದ. ತೋಟದಲ್ಲಿ ಗ್ರೀಕ್ ಪುರಾಣದ ಪರ್ಸಿಯಸ್ ಮತ್ತು ಆಂಡ್ರೊಮಿಡಾರ ಕಾರಂಜಿ: ಕಡಲ ರಾಕ್ಷಸನ ಬಾಯಿಂದ 120 ಅಡಿ ಎತ್ತರಕ್ಕೆ ಚಿಮ್ಮುವ ನೀರು, ಅದನ್ನು ದೂಡಲು ಉಗಿಯಂತ್ರ. ಗಣಿಯ ನೀರೆತ್ತುವ ವಿದ್ಯೆಯೇ ಇಲ್ಲಿ ವಿಲಾಸವಾಗಿತ್ತು.

1920ರಲ್ಲಿ ಡಡ್ಲಿಗಳೂ ಮಾರಿದರು. ಕೊಂಡವನು ಕಿಡ್ಡರ್‌ಮಿನ್‌ಸ್ಟರ್‌ನ ಕಾರ್ಪೆಟ್ ಉದ್ಯಮಿ ಸರ್ ಹರ್ಬರ್ಟ್ ಸ್ಮಿತ್. ಮೊಳೆ, ಕಲ್ಲಿದ್ದಲು, ಕಾರ್ಪೆಟ್. ಆ ನಾಡಿನ ಕೈಗಾರಿಕೆಯ ಚರಿತ್ರೆಯೆಲ್ಲ ಒಂದೇ ಹೊಸ್ತಿಲು ದಾಟಿಹೋಗಿದೆ! ಬೆಂಕಿ ಬಿದ್ದಾಗ ಸ್ಮಿತ್ ಊರಲ್ಲಿರಲಿಲ್ಲ. ಬಂದು ನೋಡಿದವನು ಮತ್ತೆ ಕಟ್ಟಿಸುವ ಗೋಜಿಗೆ ಹೋಗದೆ ಮಾರಿಬಿಟ್ಟ. ಆಮೇಲಿನ ದಶಕಗಳಲ್ಲಿ ಗುಜರಿ ವ್ಯಾಪಾರಿಗಳ ಕೈ ಸೇರಿದ ಮನೆಯಿಂದ ಸೀಸ, ಮರ, ಅಗ್ಗಿಷ್ಟಿಕೆ, ನೆಲಹಾಸು ಎಲ್ಲ ಹೊರಬಿದ್ದವು. ಸೂರಿನ ಸೀಸ ಹೋದ ಮೇಲೆ ಮಳೆಗೆ ಯಾರ ಅಪ್ಪಣೆ ಬೇಕು?

ಇದಕ್ಕೆ ಕಣ್ಣೀರು ಸುರಿಸುವ ಮೊದಲು ಮನೆಗೆ ಅಂಟಿಕೊಂಡೇ ಇರುವ ಇಗರ್ಜಿಯೊಳಗೆ ಇಣುಕಬೇಕು. 1735ರಲ್ಲಿ ಮುಗಿದ ಈ ಕಟ್ಟಡದ ಒಳಗಿನ ವೈಭವ ಇಲ್ಲಿಯದಲ್ಲ. ಲಂಡನ್ನಿನ ಹೊರವಲಯದ ಎಜ್‌ವೇರ್‌ನಲ್ಲಿ ಷ್ಯಾಂಡೋಸ್‌ನ ಡ್ಯೂಕ್ ಜೇಮ್ಸ್ ಬ್ರಿಡ್ಜಸ್ ಕಟ್ಟಿಸಿದ್ದ ಕ್ಯಾನನ್ಸ್ ಎಂಬ ಮನೆಯದು. ಸೈನ್ಯದ ಬಟವಾಡೆ ನೋಡಿಕೊಳ್ಳುವ ಹುದ್ದೆಯಲ್ಲಿ ಹಣ ಮಾಡಿದ ಆತ ಸಂಗೀತಗಾರ ಹ್ಯಾಂಡೆಲ್‌ಗೂ ಆಶ್ರಯ ಕೊಟ್ಟಿದ್ದ. ಸೌತ್ ಸೀ ಕಂಪನಿಯ ಷೇರಿನ ಗುಳ್ಳೆ 1720ರಲ್ಲಿ ಒಡೆದಾಗ ಅವನ ಸಂಪತ್ತೂ ಕರಗಿತು. ಅವನು ಸತ್ತು ಮೂರು ವರ್ಷಕ್ಕೆ, 1747ರಲ್ಲಿ, ಕ್ಯಾನನ್ಸ್ ಹರಾಜಾಯಿತು. ಬೆಲ್ಲುಚ್ಚಿಯ ಚಾವಣಿ ಚಿತ್ರಗಳನ್ನೂ ಜೋಶುವಾ ಪ್ರೈಸ್‌ನ ಬಣ್ಣದ ಗಾಜನ್ನೂ ಎರಡನೆಯ ಲಾರ್ಡ್ ಫೋಲಿ ಕೊಂಡು ತಂದ. ಗೋಡೆಗೆ ಮೆತ್ತಿದ್ದ ಗಾರೆಯ ಕುಸುರಿಯನ್ನು ಕಿತ್ತು ತರಲಾದೀತೆ? ಅದನ್ನು ಕಾಗದದ ಮುದ್ದೆಯಲ್ಲಿ ಎರಕ ಹೊಯ್ದು ಚಿನ್ನದ ಬಣ್ಣ ಬಳಿಸಿದರು. ಇನ್ನೊಬ್ಬರ ಮನೆ ಮುರಿದಾಗ ಫೋಲಿ ಮಾಡಿದ್ದನ್ನೇ ಇನ್ನೂರು ವರ್ಷದ ಮೇಲೆ ಗುಜರಿಯವರು ಫೋಲಿಯ ಮನೆಗೆ ಮಾಡಿದರು, ವ್ಯತ್ಯಾಸ ಅಭಿರುಚಿಯದಷ್ಟೆ.

1972ರಲ್ಲಿ ಸರ್ಕಾರ ಅವಶೇಷವನ್ನು ತನ್ನ ರಕ್ಷಣೆಗೆ ತೆಗೆದುಕೊಂಡಿತು. ಕಾರಂಜಿ ರಿಪೇರಿಯಾಗಿ ಮತ್ತೆ ಚಿಮ್ಮುತ್ತಿದೆ. ಮನೆಗೆ ಮಾತ್ರ ಸೂರು ಹೊದಿಸಿಲ್ಲ, ಹೊದಿಸುವುದೂ ಬೇಡ. ಇಗರ್ಜಿಯನ್ನು ಬೆಂಕಿ ಮುಟ್ಟಲಿಲ್ಲ, ಹರಾಜುದಾರರೂ ಮುಟ್ಟುವಂತಿರಲಿಲ್ಲ. ಅದು ದೊಡ್ಡಮನೆಯ ಸೊತ್ತಲ್ಲ, ಊರಿನ ಇಗರ್ಜಿ. ಅಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ, ಷ್ಯಾಂಡೋಸ್‌ನ ಚಾವಣಿ ಚಿತ್ರಗಳ ಕೆಳಗೆ.