ಕಂತಿಗೆ ಮೊದಲು ಓದು ಮುಗಿಯಲಿ

ಕರ್ನಾಟಕದ ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿಯ ಸಂಚಾಲಕರಿಗೆ ಬಹಿರಂಗ ಪತ್ರ



ಶಿಕ್ಷಣ ಸಾಲದ ಮೊದಲ ಕಂತು ಕಟ್ಟಬೇಕಾದದ್ದು ಓದು ಮುಗಿದು ಒಂದು ವರ್ಷವಾದ ಮೇಲೆ. ಭಾರತೀಯ ಬ್ಯಾಂಕುಗಳ ಸಂಘ 2001ರಲ್ಲಿ ರೂಪಿಸಿ ಆಮೇಲೆ ಹಲವು ಸಲ ಪರಿಷ್ಕರಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಇರುವುದು ಹೀಗೆಯೇ. ಸರ್ಕಾರಿ ಬ್ಯಾಂಕುಗಳು ಕೊಡುವ ಶಿಕ್ಷಣ ಸಾಲಗಳು ಬಹುಮಟ್ಟಿಗೆ ಇದೇ ಅಚ್ಚಿನವು. ಹೀಗಿದ್ದೂ ಇನ್ನೂ ಕಾಲೇಜಿನಲ್ಲಿರುವ ವಿದ್ಯಾರ್ಥಿಯ ಫೋನಿಗೆ ‘ಕಂತು ಬಾಕಿ ಇದೆ’ ಎಂಬ ಸಂದೇಶ ಬರುವುದುಂಟು, ಊರಿನಲ್ಲಿರುವ ತಂದೆಗೆ ಶಾಖೆಯಿಂದ ಕರೆ ಹೋಗುವುದುಂಟು. ಇಂಥ ಬೇಡಿಕೆಗಳಲ್ಲಿ ಕೆಲವು ನ್ಯಾಯವಾದವು, ಹಲವು ತಪ್ಪು ದಾಖಲೆಯಿಂದ ಹುಟ್ಟಿದವು. ಎರಡನ್ನೂ ಬೇರೆಬೇರೆಯಾಗಿ ನೋಡದಿದ್ದರೆ ವಿದ್ಯಾರ್ಥಿಗೂ ಬ್ಯಾಂಕಿಗೂ ನಷ್ಟ.

ತಪ್ಪು ಬೇಡಿಕೆಯ ಮೂಲ ಸಾಮಾನ್ಯವಾಗಿ ಒಂದು ದಿನಾಂಕ. ಸಾಲ ಮಂಜೂರಾಗುವಾಗಲೇ ಕೋರ್ಸ್ ಮುಗಿಯುವ ತಿಂಗಳನ್ನು ಶಾಖೆಯಲ್ಲಿ ದಾಖಲಿಸುತ್ತಾರೆ. ಕಂತು ಶುರುವಾಗುವ ದಿನವನ್ನು ಅದರ ಆಧಾರದ ಮೇಲೆಯೇ ಲೆಕ್ಕ ಹಾಕಲಾಗುತ್ತದೆ. ಮುಂದೆ ಓದಿನ ಅವಧಿ ಬದಲಾದರೂ ಯಾರೂ ತಿದ್ದದಿದ್ದರೆ ಆ ದಿನಾಂಕ ಅಲ್ಲೇ ಉಳಿಯುತ್ತದೆ. ಎಂಜಿನಿಯರಿಂಗ್‌ನಲ್ಲಿ ಒಂದು ಸಲ ಇಯರ್ ಬ್ಯಾಕ್ ಆದರೆ ಓದಿನ ನಂತರ ಸಿಗಬೇಕಾದ ಒಂದು ವರ್ಷದ ಬಿಡುವು ಪೂರ್ತಿ ಕರಗುತ್ತದೆ. ಎರಡು ಸಲ ಆದರೆ ತರಗತಿಯಲ್ಲಿರುವಾಗಲೇ ಕಂತು ಶುರುವಾಗುತ್ತದೆ. ಎಂಬಿಬಿಎಸ್ ಕೋರ್ಸು ನಾಲ್ಕೂವರೆ ವರ್ಷದ ಪಾಠ ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ್ದು. ಇಂಟರ್ನ್‌ಶಿಪ್ ಲೆಕ್ಕಕ್ಕೆ ಬಾರದಿದ್ದರೆ, ಅದು ಮುಗಿದ ತಿಂಗಳೇ ಕಂತು ಎದುರು ನಿಲ್ಲುತ್ತದೆ. ಪದವಿ ಮುಗಿಸಿ ಎಂ.ಟೆಕ್ ಸೇರಿದವರಿಗೆ ಎರಡನೇ ವರ್ಷಕ್ಕೆ ಕಾಲಿಡುವಾಗ ಹಳೆಯ ಸಾಲದ ಬೇಡಿಕೆ ಬರುತ್ತದೆ.

ಇವುಗಳಿಗೆ ಮಾದರಿ ಯೋಜನೆಯಲ್ಲೇ ಪರಿಹಾರವಿದೆ. ನಿಗದಿತ ಕಾಲದಲ್ಲಿ ಕೋರ್ಸ್ ಮುಗಿಯದಿದ್ದರೆ ಎರಡು ವರ್ಷದವರೆಗೆ ಅವಧಿ ವಿಸ್ತರಿಸಬಹುದು. ವಿದ್ಯಾರ್ಥಿಯ ಕೈಮೀರಿದ ಕಾರಣಗಳಿದ್ದರೆ, ಸಾಲ ಮಂಜೂರು ಮಾಡಿದ ಅಧಿಕಾರಿ ತಮ್ಮ ವಿವೇಚನೆಯಿಂದ ಇನ್ನೂ ಹೆಚ್ಚಿನ ಕಾಲ ಕೊಡಬಹುದು. ಆದರೆ ವಿಸ್ತರಣೆ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. ಕೇಳಬೇಕೆಂಬ ಸಂಗತಿ ಗೊತ್ತಿಲ್ಲದ ಮನೆಗಳೇ ಹೆಚ್ಚು ತೊಂದರೆಗೆ ಸಿಲುಕುತ್ತವೆ.

ಬಡ್ಡಿಯ ವಿಚಾರ ಬೇರೆ. ಓದಿನ ಕಾಲ ಮತ್ತು ಆಮೇಲಿನ ಒಂದು ವರ್ಷದ ಬಿಡುವು ಸೇರಿದ ಮೊರಟೋರಿಯಂ ಅವಧಿಯಲ್ಲಿ ಕಂತು ಇರುವುದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಮಾದರಿ ಯೋಜನೆಯ ಪ್ರಕಾರ ಮರುಪಾವತಿ ಶುರುವಾಗುವ ತನಕ ಹಾಕಬೇಕಾದದ್ದು ಸರಳ ಬಡ್ಡಿ. ನಾಲ್ಕು ವರ್ಷದ ಕೋರ್ಸಿಗೆ ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷ ರೂಪಾಯಿಯಂತೆ, ಶೇ 10ರ ದರದಲ್ಲಿ ಸಾಲ ಬಿಡುಗಡೆಯಾಯಿತೆಂದು ಇಟ್ಟುಕೊಳ್ಳಬಹುದು. ಐದನೇ ವರ್ಷದ ಕೊನೆಗೆ ಸರಳ ಬಡ್ಡಿ 1.40 ಲಕ್ಷವಾಗಿ, ಒಟ್ಟು ಸಾಲ 5.40 ಲಕ್ಷಕ್ಕೆ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಚಕ್ರಬಡ್ಡಿ ಸೇರಿಸಿದರೆ ಅದೇ ಸಾಲ ಸುಮಾರು 5.62 ಲಕ್ಷವಾಗುತ್ತದೆ. ಖಾತೆಯ ಸ್ಟೇಟ್‌ಮೆಂಟನ್ನು ವರ್ಷಕ್ಕೊಮ್ಮೆಯಾದರೂ ತೆಗೆಸಿ ನೋಡಬೇಕಾದದ್ದು ಇದಕ್ಕಾಗಿ. ಓದುವಾಗಲೇ ಬಡ್ಡಿ ಕಟ್ಟಿಕೊಂಡು ಬಂದವರಿಗೆ ದರದಲ್ಲಿ ಶೇ 1ರಷ್ಟು ರಿಯಾಯಿತಿ ಕೊಡಲು ಯೋಜನೆಯಲ್ಲಿ ಅವಕಾಶವಿದೆ. ಅದು ವಿದ್ಯಾರ್ಥಿಯ ಆಯ್ಕೆ. ಅದನ್ನು ಕಡ್ಡಾಯವೆಂಬಂತೆ ಕೇಳುವುದು ಸರಿಯಲ್ಲ.

ಬಡ ಮನೆಯ ಮಕ್ಕಳಿಗೆ ಈ ಬಡ್ಡಿಯ ಭಾರವೂ ಇರಬೇಕಿಲ್ಲ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಯೊಳಗಿದ್ದು, ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಓದುತ್ತಿರುವವರ ಮೊರಟೋರಿಯಂ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ 2009–10ರಿಂದ ಭರಿಸುತ್ತಿದೆ. ಆ ಯೋಜನೆಯ ನೋಡಲ್ ಬ್ಯಾಂಕ್ ಬೆಂಗಳೂರಿನ ಕೆನರಾ ಬ್ಯಾಂಕ್. ರಾಜ್ಯ ಮಟ್ಟದ ಸಮಿತಿಯ ಸಂಚಾಲಕತ್ವವೂ ಅದೇ ಬ್ಯಾಂಕಿನದು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಸಂಸ್ಥೆಗಳಲ್ಲಿ ಓದುವ, 8 ಲಕ್ಷದವರೆಗೆ ಆದಾಯವಿರುವ ಕುಟುಂಬಗಳ ಮಕ್ಕಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇ 3ರಷ್ಟು ಬಡ್ಡಿ ಸಹಾಯಧನವಿದೆ. ಇವು ಕೈಗೆ ಸಿಗಬೇಕಾದರೆ ಆದಾಯ ಪ್ರಮಾಣಪತ್ರ ಸಮಯಕ್ಕೆ ಸರಿಯಾಗಿ ಬ್ಯಾಂಕಿಗೆ ತಲುಪಬೇಕು. ನಾಡಕಚೇರಿಯಿಂದ ತಂದ ಪತ್ರ ಶಾಖೆಯ ಕಡತದಲ್ಲೇ ಉಳಿದುಬಿಟ್ಟರೆ, ಸರ್ಕಾರ ಕಟ್ಟಬೇಕಾದ ಬಡ್ಡಿ ವಿದ್ಯಾರ್ಥಿಯ ಲೆಕ್ಕಕ್ಕೆ ಬೀಳುತ್ತದೆ.

ಎಲ್ಲ ಬೇಡಿಕೆಗಳೂ ತಪ್ಪಲ್ಲ. ಕೆಲವು ಖಾಸಗಿ ಬ್ಯಾಂಕುಗಳು ಮತ್ತು ಹಣಕಾಸು ಕಂಪನಿಗಳು ಓದಿನ ಅವಧಿಯಲ್ಲೇ ಬಡ್ಡಿಯನ್ನು, ಪೂರ್ತಿಯಾಗಿಯೋ ಭಾಗಶಃವೋ, ತಿಂಗಳು ತಿಂಗಳು ಕಟ್ಟಬೇಕೆಂಬ ಕರಾರಿನ ಮೇಲೆ ಸಾಲ ಕೊಡುತ್ತವೆ. ಅಂಥ ಕರಾರಿಗೆ ಸಹಿ ಹಾಕಿದ್ದರೆ ಬೇಡಿಕೆ ನ್ಯಾಯವಾದದ್ದೇ. ನಡುವೆ ಓದು ಬಿಟ್ಟವರಿಗೂ ಬಿಡುವು ಮುಂದುವರಿಯುವುದಿಲ್ಲ. ಆದ್ದರಿಂದ ನೋಟಿಸು ಬಂದ ಕೂಡಲೇ ನೋಡಬೇಕಾದ ಕಾಗದ ಮಂಜೂರಾತಿ ಪತ್ರ. ಮೊರಟೋರಿಯಂ ಎಲ್ಲಿಯ ತನಕ, ಅಲ್ಲಿಯವರೆಗೆ ಕಟ್ಟಬೇಕಾದದ್ದು ಏನಾದರೂ ಇದೆಯೇ ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಅದರಲ್ಲಿರುತ್ತದೆ.

ಬೇಡಿಕೆ ತಪ್ಪೆಂದು ಕಂಡರೆ ವಿದ್ಯಾರ್ಥಿ ಸುಮ್ಮನಿರಬಾರದು. ಕೋರ್ಸ್ ಮುಗಿಯುವ ತಿಂಗಳನ್ನು ನಮೂದಿಸಿದ ವ್ಯಾಸಂಗ ಪ್ರಮಾಣಪತ್ರವನ್ನು ಕಾಲೇಜಿನಿಂದ ಪಡೆದು, ದಿನಾಂಕ ತಿದ್ದುವಂತೆ ಶಾಖೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಬಾಯಿಮಾತಿನ ಭರವಸೆ ದಾಖಲೆಯಾಗುವುದಿಲ್ಲ. 30 ದಿನಗಳಲ್ಲಿ ಬ್ಯಾಂಕು ಉತ್ತರಿಸದಿದ್ದರೆ, ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.

ತಡಮಾಡಿದರೆ ಪೆಟ್ಟು ಬೀಳುವುದು ವಿದ್ಯಾರ್ಥಿಯೊಬ್ಬರ ಮೇಲಲ್ಲ. ಶಿಕ್ಷಣ ಸಾಲದಲ್ಲಿ ತಂದೆ ಅಥವಾ ತಾಯಿ ಸಹಸಾಲಗಾರರಾಗಿರುತ್ತಾರೆ. 90 ದಿನ ಮೀರಿ ಬಾಕಿ ಉಳಿದ ಖಾತೆ ಅನುತ್ಪಾದಕ ಸಾಲ (ಎನ್‌ಪಿಎ) ಆಗುತ್ತದೆ, ಸಾಲದ ಇತಿಹಾಸ ತೋರಿಸುವ ಇಬ್ಬರ ಸಿಬಿಲ್ ದಾಖಲೆಯಲ್ಲೂ ಅದು ಕಾಣುತ್ತದೆ. ಮುಂದಿನ ವರ್ಷ ಬೆಳೆಸಾಲ ಕೇಳಲು ಹೋದ ರೈತನಿಗೆ ಮಗಳ ಓದಿನ ಸಾಲವೇ ಅಡ್ಡ ಬರಬಹುದು. ತಪ್ಪು ದಾಖಲೆಯನ್ನು ತಿದ್ದಿಸುವ ಹಕ್ಕು ಅವರಿಗಿದೆ. ದೂರು ಕೊಟ್ಟು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರಿಂದ ಜಾರಿಯಲ್ಲಿದೆ. ವಸೂಲಿ ಏಜೆಂಟರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ ಎಂದು 2022ರ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿದೆ.

ಕರ್ನಾಟಕದ ಬ್ಯಾಂಕುಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವ ಸಮಿತಿ ನಾಲ್ಕು ಕ್ರಮಗಳನ್ನು ಜಾರಿಗೆ ತರಬೇಕು.

ಮೊದಲನೆಯದು, ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ಶಾಖೆಯೇ ವ್ಯಾಸಂಗ ಪ್ರಮಾಣಪತ್ರ ಕೇಳಿ ಪಡೆದು ಕೋರ್ಸಿನ ಅವಧಿಯನ್ನು ತಿದ್ದಬೇಕು.

ಎರಡನೆಯದು, ಕಂತು ಶುರುವಾಗುವ ಮೂರು ತಿಂಗಳ ಮೊದಲು ಮೊರಟೋರಿಯಂ ಮುಗಿಯುವ ದಿನ, ಕಂತಿನ ಮೊತ್ತ, ವಿಸ್ತರಣೆ ಕೇಳುವ ವಿಧಾನ ಇವಿಷ್ಟನ್ನೂ ತಿಳಿಸುವ ಕನ್ನಡದ ಪತ್ರ ಮನೆಗೆ ತಲುಪಬೇಕು. ಕೆಲಸ ಸಿಗದವರಿಗೆ ಮರುಪಾವತಿಯ ನಡುವೆಯೂ ಬಿಡುವು ಕೊಡುವ ಅವಕಾಶ ಮಾದರಿ ಯೋಜನೆಯಲ್ಲಿದೆ ಎಂಬುದೂ ಅದರಲ್ಲಿರಬೇಕು.

ಮೂರನೆಯದು, ಬಡ್ಡಿ ಎಷ್ಟಾಗಿದೆ ಎಂದು ತಿಳಿಸುವ ಸಂದೇಶ ಬೇಡಿಕೆಯ ಸಂದೇಶದಂತೆ ಕಾಣಬಾರದು. ‘ಈಗ ಕಟ್ಟಬೇಕಿಲ್ಲ’ ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿರಬೇಕು.

ನಾಲ್ಕನೆಯದು, ವಿದ್ಯಾರ್ಥಿ ಓದುತ್ತಿದ್ದಾರೋ ಇಲ್ಲವೋ ಎಂದು ಕಾಲೇಜಿನಿಂದ ಖಚಿತಪಡಿಸಿಕೊಳ್ಳದೆ ಯಾವ ಶಿಕ್ಷಣ ಸಾಲದ ಖಾತೆಯನ್ನೂ ವಸೂಲಿಗೆ ಒಪ್ಪಿಸಬಾರದು. ತಪ್ಪು ಬೇಡಿಕೆಯ ದೂರುಗಳನ್ನು ಪ್ರತಿ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಸಭೆಯಲ್ಲಿ ಪರಿಶೀಲಿಸಬೇಕು.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ, ಸಾಲ ಮನ್ನಾದ ಮಾತೂ ಇಲ್ಲಿಲ್ಲ. ಪಡೆದ ಸಾಲವನ್ನು ದುಡಿದು ತೀರಿಸಬೇಕೆಂದೇ ಈ ಮಕ್ಕಳು ಓದುತ್ತಿದ್ದಾರೆ. ಓದುವ ಕಾಲದಲ್ಲಿ ಅವರನ್ನು ಓದಲು ಬಿಡುವುದು ಬ್ಯಾಂಕುಗಳೇ ಬರೆದುಕೊಟ್ಟ ಕರಾರು. ಅದನ್ನು ಪ್ರತಿ ಶಾಖೆಯೂ ಪಾಲಿಸುವಂತೆ ನೋಡಿಕೊಳ್ಳುವುದು ಸಮಿತಿಯ ಹೊಣೆ.