ತಂದೆಯ ಸೋಲೂ ಮಗನ ಕೈಯೂ

ಮನೆಯ ಕಷ್ಟವನ್ನು ಮಕ್ಕಳಿಂದ ಮರೆಮಾಡಬೇಕೇ? ಮಾಡಲಾಗದೆಂಬುದೇ ನಮ್ಮ ಅಭಿಪ್ರಾಯ. ಅದನ್ನು ನಮ್ಮಲ್ಲಿ ದೃಢಪಡಿಸಿದುದು ನೀತಿಗ್ರಂಥವಲ್ಲ. 1948ರಲ್ಲಿ ಇಟಲಿ ದೇಶದ ವಿಟ್ಟೋರಿಯೊ ಡಿ ಸೀಕಾ ಎಂಬವರು ನಿರ್ಮಿಸಿದ 'ಬೈಸಿಕಲ್ ಥೀವ್ಸ್' ಎಂಬ ಚಲಚ್ಚಿತ್ರ.

ಮಹಾಯುದ್ಧವು ಮುಗಿದಿದ್ದರೂ ರೋಮ್ ನಗರದಲ್ಲಿ ಕೆಲಸವಿಲ್ಲದವರ ಗುಂಪು ಕರಗಿರಲಿಲ್ಲ. ಆಂಟೋನಿಯೊ ಎಂಬ ಗೃಹಸ್ಥನಿಗೆ ಗೋಡೆಗಳಿಗೆ ಜಾಹೀರಾತು ಅಂಟಿಸುವ ಉದ್ಯೋಗವು ದೊರೆಯುತ್ತದೆ. ಆದರೆ ಸೈಕಲ್ ಇಲ್ಲದವನಿಗೆ ಆ ಉದ್ಯೋಗವಿಲ್ಲ. ಅವನ ಸೈಕಲೋ ಅಡವಿನಲ್ಲಿದೆ. ಆಗ ಪತ್ನಿಯಾದ ಮರಿಯಾ ಹಾಸಿಗೆಯ ದುಪ್ಪಟಿಗಳನ್ನು ಸೆಳೆದು ಅಡವಿನಂಗಡಿಗೆ ಒಯ್ಯುವಳು. ಅಂಗಡಿಯವನು ಆ ಗಂಟನ್ನು ಹೊತ್ತು, ಎತ್ತರಕ್ಕೆ ಪೇರಿಸಿದ ಅಂಥವೇ ಗಂಟುಗಳ ನಡುವೆ ಏರುವನು. ಬಡತನವು ಒಂದೇ ಮನೆಯದಲ್ಲವೆಂದು ತಿಳಿಸಲು ಬೇರೆ ಮಾತು ಬೇಕಿಲ್ಲ.

ಮೊದಲನೆಯ ದಿನವೇ ಆ ಸೈಕಲ್ ಕಳುವಾಗುತ್ತದೆ. ಭಾನುವಾರ ತಂದೆಯು ಬ್ರೂನೋ ಎಂಬ ಚಿಕ್ಕ ಮಗನೊಡನೆ ಊರೆಲ್ಲಾ ಹುಡುಕುವನು. ದುಃಖದ ಭರದಲ್ಲಿ ಅವನ ಕೆನ್ನೆಗೂ ಹೊಡೆಯುವನು. ಅನಂತರ ಪಶ್ಚಾತ್ತಾಪಪಟ್ಟು ಭೋಜನಶಾಲೆಗೆ ಕರೆದೊಯ್ದು, ಕೈತಪ್ಪಿದ ಸಂಬಳವೆಷ್ಟೆಂದು ಅವನಿಂದಲೇ ಲೆಕ್ಕ ಬರೆಯಿಸುವನು. ಹುಡುಗನು ಆ ಲೆಕ್ಕಕ್ಕೆ ಕುಗ್ಗುವದಿಲ್ಲ; ತಂದೆಯ ಜೊತೆಗಾರನಾಗುವನು.

ಕಡೆಗೆ ಆಂಟೋನಿಯೊ ಒಂದು ಸಂಗತಿಯನ್ನು ಮಾತ್ರ ಮರೆಮಾಡಲು ಯತ್ನಿಸುವನು. ಮಗನನ್ನು ಟ್ರಾಮಿಗೆ ಕಳುಹಿಸಿ, ತಾನೇ ಪರರ ಸೈಕಲನ್ನು ಕದಿಯುವನು. ಟ್ರಾಮು ತಪ್ಪಿದ ಮಗನು, ಜನರು ತಂದೆಯನ್ನು ಹಿಡಿದು ಹೊಡೆಯುವದನ್ನು ಕಣ್ಣಾರೆ ಕಾಣುವನು. ಅಳುವ ಹುಡುಗನನ್ನು ನೋಡಿ ಸೈಕಲಿನ ಒಡೆಯನು ಕಳ್ಳನನ್ನು ಬಿಟ್ಟುಬಿಡುವನು. ನಾಚಿಕೆಯಿಂದ ಕಣ್ಣೀರಿಡುವ ತಂದೆಯ ಕೈಯನ್ನು ಮಗನೇ ಹಿಡಿಯುವನು. ಕಳವು ಕಳವೇ, ಮಗನು ಅದನ್ನು ಸರಿಯೆನ್ನಲಿಲ್ಲ, ತಂದೆಯನ್ನು ಬಿಡಲೂ ಇಲ್ಲ.

ಎಳೆಯ ಮನಸ್ಸಿನ ಮೇಲೆ ಭಾರ ಹೊರಿಸಬಾರದೆಂದು ಕೆಲವು ತಾಯಿತಂದೆಗಳು ಹೇಳಬಹುದು. ಬ್ರೂನೋ ಪೆಟ್ರೋಲ್ ಅಂಗಡಿಯಲ್ಲಿ ದುಡಿಯುವದನ್ನು ನಾವೂ ಮೆಚ್ಚುವದಿಲ್ಲ; ಮಕ್ಕಳ ಸ್ಥಳವು ಶಾಲೆಯೇ. ಆದರೆ ಭಾರ ಹೊರಿಸುವದು ಬೇರೆ, ಭಾರವುಂಟೆಂದು ತಿಳಿಸುವದು ಬೇರೆ. ಮುಚ್ಚಿಟ್ಟ ಕಷ್ಟವನ್ನು ಮಕ್ಕಳು ಹೇಗೂ ಊಹಿಸುವರು. ಒಂಟಿಯಾಗಿ ಊಹಿಸುವದರಿಂದ ಭಯವು ಇಮ್ಮಡಿಯಾಗುವದು.

ತಾಯಿಯ ಬಳೆಗಳು ಅಡವಿಗೆ ಹೋದುದರಿಂದ ನಮ್ಮ ಶುಲ್ಕವು ಸಂದಿತೆಂಬುದನ್ನು ಹಳೆಯ ವಿದ್ಯಾರ್ಥಿನಿಯರಾದ ನಮ್ಮಲ್ಲಿ ಕೆಲವರು ಬಹು ವರ್ಷಗಳ ತರುವಾಯ, ಆಕೆಯು ತೀರಿಹೋದ ಬಳಿಕ ಅರಿತೆವು. ಮೊದಲೇ ಅರಿತಿದ್ದರೆ ಓದಿನಲ್ಲಿ ಕುಂದುತ್ತಿರಲಿಲ್ಲ. ಹೊಸ ಲಂಗಕ್ಕಾಗಿ ಹಟ ಹಿಡಿದ ದಿನ ಆಕೆಯ ಬರಿಗೈಯನ್ನಾದರೂ ನೋಡುತ್ತಿದ್ದೆವು.

ಚಿತ್ರವು ಮುಗಿದರೂ ಕಳೆದ ಸೈಕಲ್ ಸಿಕ್ಕುವದಿಲ್ಲ, ನಾಳಿನ ಅನ್ನದ ಭರವಸೆಯೂ ಇಲ್ಲ. ತಂದೆಗೆ ಉಳಿದದ್ದು ಎಲ್ಲವನ್ನೂ ಬಲ್ಲ ಮಗನ ಕೈಯೊಂದೇ. ತಾಯಿತಂದೆಗಳೇ, ಆ ಕೈಯನ್ನು ನಿಮ್ಮ ಮಕ್ಕಳೂ ನೀಡಬಲ್ಲರು. ನೀಡಲು ಅವರಿಗೆ ಎಡೆಕೊಡಿರಿ.